ಹಳೆಯ ಬೇಸ್‌ಬಾಲ್ ಗ್ಲೌಸ್ ಕೂಡಿಡುವುದೋ, ಬೇಸ್‌ಬಾಲ್ ಮ್ಯೂಸಿಯಂ ಸುತ್ತುವುದೋ: ಹವ್ಯಾಸಕ್ಕೆ ಇಳಿಯುವವರಿಗೊಂದು ಹೋಲಿಕೆ

ಅಮೆರಿಕದಲ್ಲಿ ನಾಲ್ಕಾರು ವರ್ಷ ನೆಲೆಸಿ ಬೇಸ್‌ಬಾಲ್‌ನ ರುಚಿ ಹತ್ತಿಸಿಕೊಂಡ ಕನ್ನಡಿಗರಲ್ಲಿ ಕೆಲವರಿಗಾದರೂ, ಇಂದಿನ ಪಂದ್ಯಗಳನ್ನು ನೋಡಿದ್ದು ಸಾಲದೆ, ಈ ಆಟ ಹಿಂದೆ ಹೇಗಿತ್ತು ಎಂಬ ಕುತೂಹಲ ಹುಟ್ಟುತ್ತದೆ. ಅಂಥವರ ಮುಂದೆ ಎರಡು ದಾರಿಗಳಿವೆ. ಹಳೆಯ ಗ್ಲೌಸ್‌ಗಳನ್ನು ಒಂದೊಂದಾಗಿ ಕೊಂಡು ಮನೆಯಲ್ಲಿ ಕೂಡಿಡಬಹುದು. ಇಲ್ಲವೆ ಅದೇ ಹಣವನ್ನೂ ರಜೆಯನ್ನೂ ಬೇಸ್‌ಬಾಲ್ ಮ್ಯೂಸಿಯಂಗಳ ಪ್ರವಾಸಕ್ಕೆ ಎತ್ತಿಡಬಹುದು. ಎರಡನ್ನೂ ಧಾರಾಳವಾಗಿ ಮಾಡುವ ಅನುಕೂಲವುಳ್ಳವರಿಗೆ ಈ ಬರಹದ ಅಗತ್ಯವಿಲ್ಲ. ಮನೆಸಾಲದ ಕಂತು, ಮಕ್ಕಳ ಶಾಲೆ, ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ವಿಮಾನದ ಖರ್ಚು ಎಲ್ಲ ಕಳೆದು ಹವ್ಯಾಸಕ್ಕೆಂದು ಮಿಗುವ ಸ್ವಲ್ಪವನ್ನು ಎಲ್ಲಿ ಹಾಕಬೇಕು ಎಂದು ಯೋಚಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗ್ಲೌಸ್ ಎಂಬುದು ಕೈಯಿಂದ ಓದಬೇಕಾದ ವಸ್ತು. ಗಾಜಿನ ಹಿಂದೆ ಇಟ್ಟಾಗ ಅದರ ಹೊರಮೈ ಕಾಣುತ್ತದೆಯೇ ಹೊರತು, ಒಳಗಿನ ಮೆತ್ತೆ ಎಷ್ಟು ದಪ್ಪ, ಬೆರಳು ಎಲ್ಲಿ ಕೂರುತ್ತದೆ, ಮುಚ್ಚುವಾಗ ಅದು ಎಲ್ಲಿ ಮಡಚುತ್ತದೆ ಎಂಬುದು ತಿಳಿಯುವುದಿಲ್ಲ. ಇತ್ತ ಮನೆಯ ಕಪಾಟಿನಲ್ಲಿರುವ ಗ್ಲೌಸ್ ತನ್ನ ಕಸುಬನ್ನೆಲ್ಲ ಬಿಚ್ಚಿ ತೋರಿಸುತ್ತದೆ. ಆದರೆ ಅದು ಯಾರ ಕೈಯಲ್ಲಿತ್ತು, ಯಾವ ಮಧ್ಯಾಹ್ನ ಯಾವ ಚೆಂಡನ್ನು ಹಿಡಿಯಿತು ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಆದ್ದರಿಂದ ವಸ್ತುವಿನ ಕಸುಬು ನಿಮ್ಮನ್ನು ಎಳೆಯುತ್ತಿದ್ದರೆ ಗ್ಲೌಸ್‌ನ ದಾರಿ, ಆಟದ ಕಥೆ ಎಳೆಯುತ್ತಿದ್ದರೆ ಮ್ಯೂಸಿಯಂನ ದಾರಿ. ಯಾವುದು ಎಂದು ಇನ್ನೂ ಗೊತ್ತಾಗದಿದ್ದಲ್ಲಿ ಒಂದು ಮ್ಯೂಸಿಯಂ ನೋಡಿಕೊಂಡು ಬಂದ ಮೇಲೆ ಗ್ಲೌಸ್‌ಗೆ ಕೈ ಹಾಕುವುದು ಒಳ್ಳೆಯದು. ಕಣ್ಣು ಪಳಗುವ ಮೊದಲು ಪರ್ಸ್ ಬಿಚ್ಚಿದವರೆಲ್ಲ ಒಂದಲ್ಲ ಒಂದು ಕಡೆ ಮುಗ್ಗರಿಸಿದ್ದಾರೆ; ಅವರಲ್ಲಿ ನಾನೂ ಒಬ್ಬ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಒಂದು ವ್ಯತ್ಯಾಸವನ್ನು ನೆನಪಿಸಬೇಕು. ಕ್ರಿಕೆಟ್‌ನಲ್ಲಿ ಫೀಲ್ಡಿಂಗ್ ಮಾಡುವ ಹನ್ನೊಂದು ಮಂದಿಯಲ್ಲಿ ವಿಕೆಟ್‌ಕೀಪರ್ ಒಬ್ಬರಿಗೇ ಗ್ಲೌಸ್, ಅದೂ ಎರಡೂ ಕೈಗೆ. ಬೇಸ್‌ಬಾಲ್‌ನಲ್ಲಿ ಒಂಬತ್ತು ಮಂದಿಗೂ ಗ್ಲೌಸ್ ಇರುತ್ತದೆ, ಆದರೆ ಒಂದೇ ಕೈಗೆ, ಚೆಂಡು ಎಸೆಯದ ಕೈಗೆ. ಬಲಗೈಯಲ್ಲಿ ಎಸೆಯುವವರ ಗ್ಲೌಸ್ ಎಡಗೈಗೆ ಹೋಗುತ್ತದೆ. ಬ್ಯಾಟುಗಾರನ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಮತ್ತು ಓಟಗಾರರು ಮುಟ್ಟಬೇಕಾದ ಬೇಸ್‌ಗಳಲ್ಲಿ ಮೊದಲನೆಯದನ್ನು ಕಾಯುವ ಆಟಗಾರ ತೊಡುವುದು ಬೆರಳುಗಳಿಲ್ಲದ ಮಿಟ್. ಹಳೆಯ ವಸ್ತು ಮಾರುವವರು ಈ ಎರಡನ್ನೂ ಬೇರೆ ಬೇರೆಯಾಗಿಯೇ ಎಣಿಸುತ್ತಾರೆ. ಕೊಳ್ಳುವವರೂ ಹಾಗೆಯೇ ಎಣಿಸುವುದು ಕ್ಷೇಮ.

ಯಾವ ಕಾಲದ ಗ್ಲೌಸ್

ಗ್ಲೌಸ್ ಕೂಡಿಡಲು ಹೊರಟವರು ಎಲ್ಲಕ್ಕಿಂತ ಮೊದಲು ಕಾಲವನ್ನು ಆರಿಸಿಕೊಳ್ಳಬೇಕು, ಏಕೆಂದರೆ ನಾಲ್ಕು ಕಾಲಘಟ್ಟಗಳ ಗ್ಲೌಸ್‌ಗಳು ನೋಟದಲ್ಲೂ ಬೆಲೆಯಲ್ಲೂ ಮೋಸದ ಸಾಧ್ಯತೆಯಲ್ಲೂ ಒಂದಕ್ಕೊಂದು ಹೋಲುವುದಿಲ್ಲ.

ಮೊದಲನೆಯದು 1920ಕ್ಕಿಂತ ಹಿಂದಿನದು. ಆಟದ ಆರಂಭದ ದಶಕಗಳಲ್ಲಿ ಬರಿಗೈಯಲ್ಲಿ ಚೆಂಡು ಹಿಡಿಯುವುದೇ ಗಂಡಸುತನವೆಂಬ ಭಾವನೆಯಿತ್ತು. 1875ರಲ್ಲಿ ಚಾರ್ಲ್ಸ್ ವೇಟ್ ಎಂಬ ಆಟಗಾರರು ಮೈಬಣ್ಣದ ತೆಳು ಗ್ಲೌಸ್ ತೊಟ್ಟು ಮೈದಾನಕ್ಕೆ ಬಂದದ್ದನ್ನೂ, ಯಾರ ಕಣ್ಣಿಗೂ ಬೀಳದಿರಲೆಂದೇ ಆ ಬಣ್ಣವನ್ನು ಆರಿಸಿಕೊಂಡದ್ದನ್ನೂ ಆ ಕಾಲದ ಇನ್ನೊಬ್ಬ ಆಟಗಾರ ಆಲ್ಬರ್ಟ್ ಸ್ಪಾಲ್ಡಿಂಗ್ ನೆನಪಿಸಿಕೊಂಡಿದ್ದಾರೆ. ಅದಾದ ಎರಡು ವರ್ಷಕ್ಕೆ ಸ್ಪಾಲ್ಡಿಂಗ್ ತಾವೇ ಎಲ್ಲರಿಗೂ ಕಾಣುವಂತೆ ಕಪ್ಪು ಗ್ಲೌಸ್ ತೊಟ್ಟರು. ಅಷ್ಟರಲ್ಲಿ ಷಿಕಾಗೊದಲ್ಲಿ ಅವರ ಕ್ರೀಡಾಸಾಮಗ್ರಿಯ ಅಂಗಡಿಯೂ ತೆರೆದಿತ್ತು ಎಂಬುದನ್ನು ಇದರ ಜೊತೆಗೆ ಇಟ್ಟು ನೋಡಬೇಕು. ಈ ಕಾಲದ ಗ್ಲೌಸ್‌ಗಳಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಏನೂ ಇರುವುದಿಲ್ಲ, ಇದ್ದರೂ ಒಂದು ಅಂಗುಲ ಅಗಲದ ತೊಗಲಿನ ತುಂಡು ಮಾತ್ರ. ಅಂಗೈಯ ಅಂಚಿಗೆ ಅರ್ಧಚಂದ್ರಾಕಾರದ ಮೆತ್ತೆ ಹೊಲಿದಿರುತ್ತಾರೆ. ಇವು ಅಪರೂಪ, ಆದ್ದರಿಂದ ದುಬಾರಿ. ಯಾವುದೋ ಕೆಲಸಗಾರನ ದಪ್ಪ ಕೈಗವಸನ್ನೇ ಹತ್ತೊಂಬತ್ತನೆಯ ಶತಮಾನದ ಬೇಸ್‌ಬಾಲ್ ಗ್ಲೌಸ್ ಎಂದು ಮಾರುವ ಉದಾಹರಣೆಗಳೂ ಇವೆ. ಹೊಸಬರು ಇವನ್ನು ಮ್ಯೂಸಿಯಂನಲ್ಲಿ ನೋಡಿ ಕೈ ಮುಗಿದು ಮುಂದೆ ಹೋಗುವುದು ವಾಸಿ.

ಎರಡನೆಯ ಕಾಲ ಒಬ್ಬ ಪಿಚರ್‌ನಿಂದ, ಅಂದರೆ ಬ್ಯಾಟುಗಾರನಿಗೆ ಚೆಂಡು ಎಸೆಯುವವನಿಂದ, ಶುರುವಾಯಿತು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬಿಲ್ ಡೋಕ್ ಚೆಂಡಿಗೆ ಎಂಜಲು ಹಚ್ಚಿ ಎಸೆಯುವುದರಲ್ಲಿ ನಿಪುಣರು. ಆ ಎಸೆತವನ್ನು 1920ರಲ್ಲಿ ನಿಷೇಧಿಸಿದಾಗಲೂ ಅದನ್ನು ಮುಂದುವರಿಸಲು ಅನುಮತಿ ಪಡೆದ ಹದಿನೇಳು ಪಿಚರ್‌ಗಳಲ್ಲಿ ಅವರೂ ಒಬ್ಬರು. ಅದೇ ಊರಿನಲ್ಲಿ 1887ರಿಂದ ಇದ್ದ ರಾಲಿಂಗ್ಸ್ ಕಂಪನಿಗೆ ಅವರು 1919ರಲ್ಲಿ ಒಂದು ಸಲಹೆ ಕೊಟ್ಟರು: ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದೇ ತೊಗಲಿನ ತುಂಡು ಹೊಲಿಯುವ ಬದಲು ತೊಗಲಿನ ದಾರಗಳನ್ನು ಹೆಣೆದು ಜಾಲ ಮಾಡಿ, ಅಂಗೈಯಲ್ಲಿ ಚೆಂಡು ಕೂರುವ ಗುಳಿಯೊಂದನ್ನು ಮೊದಲೇ ರೂಪಿಸಿಬಿಡುವುದು. 1922ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅಲ್ಲಿಯವರೆಗೆ ಗ್ಲೌಸ್ ಎಂದರೆ ಕೈಗೆ ಪೆಟ್ಟಾಗದಿರಲು ಹಾಕಿಕೊಳ್ಳುವ ಮೆತ್ತೆ. ಅಲ್ಲಿಂದ ಮುಂದೆ ಅದು ಚೆಂಡು ಹಿಡಿಯುವ ಸಾಧನ. ಡೋಕ್ ಹೆಸರಿನ ಮಾದರಿ ಮೂವತ್ತಕ್ಕೂ ಹೆಚ್ಚು ವರ್ಷ ಮಾರಾಟವಾದದ್ದರಿಂದ ಅದರ ನಾನಾ ರೂಪಗಳು ಇಂದಿಗೂ ಸಿಗುತ್ತವೆ. ಕೂಡಿಡುವುದಕ್ಕೆ ಅತ್ಯಂತ ತೃಪ್ತಿ ಕೊಡುವ ಕಾಲ ಇದೇ ಎಂಬುದು ನನ್ನ ಅನುಭವ.

ನನ್ನ ಮೇಜಿನ ಮೇಲೆ ಈಗ ಇರುವ ಒಂದನ್ನೇ ಹತ್ತಿರದಿಂದ ತೋರಿಸುತ್ತೇನೆ. ಇಂದಿನ ಗ್ಲೌಸ್‌ಗಳ ಪಕ್ಕದಲ್ಲಿ ಇಟ್ಟರೆ ಮಕ್ಕಳದು ಎನ್ನುವಷ್ಟು ಚಿಕ್ಕದು. ಬೆರಳುಗಳು ಬಾಳೆಹಣ್ಣಿನ ಚಿಪ್ಪಿನ ಹಾಗೆ ದುಂಡಗೆ, ಬಿಡಿಬಿಡಿಯಾಗಿ ನಿಂತಿವೆ. ಒಂದಕ್ಕೊಂದನ್ನು ಕಟ್ಟುವ ದಾರವಿಲ್ಲ. ಮಣಿಕಟ್ಟಿನ ಪಟ್ಟಿಗೆ ಗುಂಡಿಯ ಬದಲು ಲೋಹದ ಬಕಲ್ ಇದೆ, ಅದರ ತುಕ್ಕು ತೊಗಲಿನ ಮೇಲೆ ಹಸಿರುಗಪ್ಪು ಗೆರೆ ಎಳೆದಿದೆ. ಅಂಗೈಯ ಗುಳಿ ಎಣ್ಣೆ ಹಿಡಿದ ಹಂಚಿನ ಹಾಗೆ ಕಪ್ಪಾಗಿ ಹೊಳೆಯುತ್ತದೆ, ಅಂಚುಗಳು ಮಾತ್ರ ಇನ್ನೂ ಬೆಲ್ಲದ ಬಣ್ಣದಲ್ಲಿವೆ. ಒಳಗೆ ಕೈ ತೂರಿಸಿದರೆ ಮಧ್ಯದ ಬೆರಳಿನ ತುದಿಗೆ ಒಂದು ಸಣ್ಣ ಕುಳಿ ತಾಗುತ್ತದೆ: ಹಿಂದಿನ ಯಜಮಾನನ ಉಗುರು ಎಷ್ಟೋ ಬೇಸಿಗೆಗಳಲ್ಲಿ ಸವೆಸಿದ ಜಾಗ. ಆ ಕುಳಿ ಯಾವ ಫೋಟೋದಲ್ಲೂ ಬರುವುದಿಲ್ಲ, ಯಾವ ಗಾಜಿನ ಪೆಟ್ಟಿಗೆಯ ಮುಂದೆ ನಿಂತರೂ ಸಿಗುವುದಿಲ್ಲ.

ಮೂರನೆಯದು ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಹತ್ತು ಹನ್ನೆರಡು ವರ್ಷ. ಬೆರಳುಗಳನ್ನು ದಾರದಿಂದ ಒಂದಕ್ಕೊಂದು ಬಿಗಿಯುವ ಪದ್ಧತಿ ಈ ಹೊತ್ತಿಗೆ ರೂಢಿಗೆ ಬಂತು. ಮೂರೇ ಬೆರಳಿನ ಮಾದರಿಗಳೂ ಜನಪ್ರಿಯವಾದವು. ಹುಡುಗರಿಗೆಂದು ಲಕ್ಷಗಟ್ಟಲೆ ತಯಾರಾದ ಈ ಗ್ಲೌಸ್‌ಗಳು ಅಮೆರಿಕದ ಅಟ್ಟಗಳಿಂದ ಇನ್ನೂ ಇಳಿಯುತ್ತಲೇ ಇವೆ. ಸಾಧಾರಣ ಸ್ಥಿತಿಯ, ಸಾಮಾನ್ಯ ಮಾದರಿಯೊಂದು ಐವತ್ತು ಡಾಲರ್ ಆಸುಪಾಸಿನಲ್ಲಿ, ಎಷ್ಟೋ ಸಲ ಅದಕ್ಕೂ ಕಡಿಮೆಗೆ ಸಿಗುತ್ತದೆ. ಹೊಸಬರು ಇಲ್ಲಿಂದಲೇ ಆರಂಭಿಸಬೇಕು. ತಪ್ಪಿದರೂ ಒಂದು ಹೋಟೆಲ್ ಊಟದಷ್ಟೇ ನಷ್ಟ. ಇನ್ನೊಂದು ಮಾತು: 1953ರವರೆಗೂ ದೊಡ್ಡ ಲೀಗಿನ (ಮೇಜರ್ ಲೀಗ್ ಎಂಬ ಅಮೆರಿಕದ ಅತ್ಯುನ್ನತ ವೃತ್ತಿಪರ ಮಟ್ಟದ) ಆಟಗಾರರು ತಮ್ಮ ಸರದಿ ಮುಗಿದು ಬ್ಯಾಟಿಂಗಿಗೆ ಹೋಗುವಾಗ ಗ್ಲೌಸನ್ನು ಮೈದಾನದ ಹುಲ್ಲಿನ ಮೇಲೆಯೇ ಬಿಟ್ಟು ಹೋಗುತ್ತಿದ್ದರು, 1954ರಿಂದ ನಿಯಮ ಅದನ್ನು ತಡೆಯಿತು. ಆ ಕಾಲದ ಚಪ್ಪಟೆ ಗ್ಲೌಸೊಂದನ್ನು ನೆಲದ ಮೇಲಿಟ್ಟು ನೋಡಿದರೆ ಅದು ಯಾರಿಗೂ ಅಡ್ಡವಾಗದೆ ಹೇಗೆ ಮಲಗಿರುತ್ತಿತ್ತು ಎಂಬುದು ಹೊಳೆಯುತ್ತದೆ.

ನಾಲ್ಕನೆಯದು 1957ರಲ್ಲಿ ವಿಲ್ಸನ್ ಕಂಪನಿ ಎ2000 ಮಾದರಿಯನ್ನು ಹೊರತಂದಾಗ ಶುರುವಾಗುತ್ತದೆ. ಚೆಂಡು ಬಿದ್ದೊಡನೆ ಅದರ ಸುತ್ತ ಮುಚ್ಚಿಕೊಳ್ಳುವಂತೆ ಕೀಲಿನ ಹಾಗೆ ಮಡಚುವ ಗ್ಲೌಸ್ ಅದು. ಇಂದಿನವೆಲ್ಲ ಹೆಚ್ಚುಕಡಿಮೆ ಅದರ ಮಕ್ಕಳು. ಇವುಗಳ ಅನುಕೂಲವೆಂದರೆ ದಾರ ಬದಲಿಸಿ ಇಂದಿಗೂ ಆಡಬಹುದು. ಸುಮ್ಮನೆ ಕೂಡಿಡುವುದಕ್ಕಿಂತ ಭಾನುವಾರ ಮಗಳ ಜೊತೆ ಪಾರ್ಕಿನಲ್ಲಿ ಚೆಂಡು ಹಿಡಿಯುವುದೇ ಇಷ್ಟ ಎನ್ನುವವರು ಇದನ್ನೇ ಆರಿಸಿಕೊಳ್ಳಲಿ. 1950ರ ದಶಕದ ಕೊನೆಯಿಂದ ಜಪಾನಿನಲ್ಲಿ ಹೊಲಿದ ಗ್ಲೌಸ್‌ಗಳು ಅಮೆರಿಕದ ಅಂಗಡಿಗಳನ್ನು ತುಂಬತೊಡಗಿದವು, ಹಾಗಾಗಿ ಜಪಾನ್ ಎಂಬ ಅಚ್ಚು ಇರುವ ಗ್ಲೌಸನ್ನು ಯಾರಾದರೂ 1930ರ ದಶಕದ್ದೆಂದು ಮಾರಿದರೆ ನಕ್ಕು ಹಿಂದಕ್ಕೆ ಕೊಡಬಹುದು. ಅಮೆರಿಕದಲ್ಲಿಯೇ ಹೊಲಿಯುವುದನ್ನು ಬಿಡದ ಹೆಸರೆಂದರೆ ಟೆಕ್ಸಸ್‌ನ ನೊಕೋನಾ. ಅಲ್ಲಿ 1934ರಿಂದ ಗ್ಲೌಸ್ ತಯಾರಾಗುತ್ತಿವೆ.

ಕೊಳ್ಳುವಾಗ ಎಡವುವ ಜಾಗಗಳು

ಹಳೆಯ ಗ್ಲೌಸ್‌ನ ಅಂಗೈಯಲ್ಲಿ ಹೆಸರಾಂತ ಆಟಗಾರನ ಸಹಿ ಇದ್ದರೆ ಅದು ಅವರು ಬರೆದ ಸಹಿಯಲ್ಲ. ಕಂಪನಿ ಆ ಆಟಗಾರನಿಗೆ ಹಣ ಕೊಟ್ಟು ಅವರ ಸಹಿಯ ಅಚ್ಚು ಮಾಡಿಸಿ, ಅಂಗಡಿಗೆ ಹೋಗುವ ಪ್ರತಿಯೊಂದು ಗ್ಲೌಸಿಗೂ ಒತ್ತುತ್ತಿತ್ತು. ಇದನ್ನು ಅಂಗಡಿ ಮಾದರಿ ಎನ್ನಬಹುದು. ಆಟಗಾರನೇ ಪಂದ್ಯದಲ್ಲಿ ತೊಟ್ಟ ಗ್ಲೌಸ್ ಬೇರೆಯೇ ಜಾತಿ. ಅದರ ಬೆಲೆ ಕಾರಿನ ಬೆಲೆಯನ್ನೂ ದಾಟಬಹುದು, ಅದಕ್ಕೆ ಸಾಕ್ಷಿ ಒದಗಿಸುವುದು ಪಂದ್ಯದ ಫೋಟೋಗಳನ್ನು ಒಂದೊಂದು ಹೊಲಿಗೆಯ ಮಟ್ಟಕ್ಕೆ ಹೋಲಿಸುವ ಪರಿಣಿತರ ಕೆಲಸ. ಆ ದಾರಿಗೆ ಹೋಗಬೇಡಿ ಎಂದೇ ನನ್ನ ಸಲಹೆ. ಆಟಗಾರ ತೊಟ್ಟ ಗ್ಲೌಸ್ ನೋಡಬೇಕೆನಿಸಿದರೆ ಮ್ಯೂಸಿಯಂ ಟಿಕೆಟ್ಟೇ ಅಗ್ಗ, ಅಸಲಿತನದ ಚಿಂತೆಯೂ ನಿಮ್ಮದಲ್ಲ.

ಕಣ್ಣಿಡಬೇಕಾದ ಜಾಗಗಳಲ್ಲಿ ಮುಖ್ಯವಾದದ್ದು ದಾರ. ತೊಗಲು ಎಂಬತ್ತು ವರ್ಷ ಬಾಳುತ್ತದೆ, ಸಪೂರ ತೊಗಲಿನ ದಾರ ಬಾಳುವುದಿಲ್ಲ. ಹೀಗಾಗಿ ಎಷ್ಟೋ ಗ್ಲೌಸ್‌ಗಳಿಗೆ ನಡುವೆ ಯಾವಾಗಲೋ ಹೊಸ ದಾರ ಹಾಕಿರುತ್ತಾರೆ. ಅದು ಅಪರಾಧವಲ್ಲ, ಆದರೆ ಹೇಳದೆ ಮಾರಿದರೆ ಬೆಲೆಯಲ್ಲಿ ಮೋಸ. ಆರಂಭದಲ್ಲಿ ನಾನು ಆನ್‌ಲೈನ್‌ನಲ್ಲಿ ಒಬ್ಬರಿಂದ 1920ರ ದಶಕದ್ದೆಂದು ಹೇಳಿದ ಗ್ಲೌಸ್ ಕೊಂಡೆ. ಮಾರಿದವರು ಹಾಕಿದ್ದ ಆರು ಫೋಟೋಗಳೂ ಅಂಗೈಯದೇ ಆಗಿದ್ದವು. ಪೊಟ್ಟಣ ಬಿಚ್ಚಿ ಹಿಂದೆ ತಿರುಗಿಸಿದಾಗ ಬೆರಳುಗಳನ್ನು ಜೋಡಿಸಿದ ದಾರವೂ, ಮಣಿಕಟ್ಟಿನ ಮೇಲೆ ಸಾಕಷ್ಟು ಈಚಿನ ಬಟ್ಟೆಯ ಲೇಬಲ್ಲೂ ಕಂಡವು. ಅಂದಿನಿಂದ ಹಿಂಬದಿಯ, ಮಣಿಕಟ್ಟಿನ ಮತ್ತು ಒಳಮೈಯ ಫೋಟೋ ಕಳಿಸದವರಿಂದ ಒಂದು ಗುಂಡಿಯನ್ನೂ ಕೊಂಡಿಲ್ಲ. ಅಂಗೈಯ ಅಚ್ಚು ಓದಲು ಬರುವಂತಿದೆಯೇ, ಒಳಗಿನ ಅಸ್ತರು ಹರಿದಿದೆಯೇ, ಕೈ ಬುಡದ ಮೆತ್ತೆ ಗಂಟುಕಟ್ಟಿದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ಒರೆಸಿದಾಗ ಬೆರಳಿಗೆ ಕೆಂಪು ಪುಡಿ ಅಂಟಿದರೆ ತೊಗಲೇ ಒಳಗಿಂದ ಸಾಯುತ್ತಿದೆ ಎಂದರ್ಥ. ಅದಕ್ಕೆ ಮದ್ದಿಲ್ಲ, ಬಿಟ್ಟುಬಿಡಿ.

ಎಡಗೈಯಲ್ಲಿ ಎಸೆಯುವವರ ಗ್ಲೌಸ್‌ಗಳು ಕಡಿಮೆ ತಯಾರಾದದ್ದರಿಂದ ಹುಡುಕಿದರೂ ಸುಲಭವಾಗಿ ಸಿಗುವುದಿಲ್ಲ. ಈ ಕೊರತೆ ಹೊಸದಲ್ಲ. ಮುಂದೆ ಬೇಸ್‌ಬಾಲ್‌ನ ದೊಡ್ಡ ಹೆಸರಾದ ಎಡಚ ಆಟಗಾರ ಬೇಬ್ ರೂತ್ ಬಾಲ್ಟಿಮೋರ್‌ನ ಸೇಂಟ್ ಮೇರೀಸ್ ಶಾಲೆಯಲ್ಲಿ ಕ್ಯಾಚರ್ ಆಗಿ ಆಡುತ್ತಿದ್ದಾಗ ಎಡಚರಿಗೆ ಒಪ್ಪುವ ಮಿಟ್ ಇರಲಿಲ್ಲ. ಬಲಗೈಯವರ ಮಿಟ್ಟನ್ನೇ ಎಡಗೈಗೆ ತೊಟ್ಟು, ಚೆಂಡು ಹಿಡಿದ ಕೂಡಲೇ ಮಿಟ್ ಕಳಚಿ ಅದೇ ಎಡಗೈಯಿಂದ ಎಸೆಯುತ್ತಿದ್ದರು. ನೀವು ಎಡಚರಾಗಿದ್ದು, ತೊಟ್ಟು ನೋಡುವ ಸುಖವೇ ನಿಮಗೆ ಮುಖ್ಯವಾಗಿದ್ದರೆ, ಕೂಡಿಡುವ ಹವ್ಯಾಸ ನಿಮಗೆ ಇತರರಿಗಿಂತ ಹೆಚ್ಚು ತಾಳ್ಮೆಯನ್ನು ಕೇಳುತ್ತದೆ.

ತೊಗಲಿನ ವಿಷಯವನ್ನು ಮನೆಯಲ್ಲಿ ಮುಂಚೆಯೇ ಮಾತಾಡಿಕೊಳ್ಳುವುದು ಒಳ್ಳೆಯದು. ಇಂದಿನ ಗ್ಲೌಸ್‌ಗಳು ಹೆಚ್ಚಾಗಿ ದನದ ತೊಗಲಿನವು. ಅದು ಮನೆಯೊಳಗೆ ಬೇಡ ಎನ್ನುವ ಹಿರಿಯರಿದ್ದರೆ, 1940ರವರೆಗಿನ ಗ್ಲೌಸ್‌ಗಳಲ್ಲಿ ಕುದುರೆ ತೊಗಲಿನವು ಧಾರಾಳವಾಗಿ ಸಿಗುತ್ತವೆ. ದೊಡ್ಡ ಲೀಗಿನ ಚೆಂಡಿಗೂ 1974ರವರೆಗೆ ಕುದುರೆ ತೊಗಲನ್ನೇ ಹೊದಿಸುತ್ತಿದ್ದರು. ಅದೂ ಬೇಡವೆಂದರೆ ಚರ್ಚೆ ಮುಗಿಯಿತು, ಮ್ಯೂಸಿಯಂ ಕಡೆಗೆ ಹೊರಡಿ.

ಸಂರಕ್ಷಣೆಯಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ರಜೆಗೆ ಊರಿಗೆ ಬರುವಾಗ ಎರಡು ಗ್ಲೌಸ್ ತಂದಿದ್ದೆ. ಒಂದು ಒಣಗಿ ಬಿರುಸಾಗಿದೆಯೆಂದು, ಚಪ್ಪಲಿಗೆ ಹಚ್ಚುವ ಅಭ್ಯಾಸದಲ್ಲಿ ಕೊಬ್ಬರಿ ಎಣ್ಣೆ ಸವರಿದೆ. ಎರಡು ವಾರದಲ್ಲಿ ಅಂಗೈಯ ಅಚ್ಚು ಕಪ್ಪಿನಲ್ಲಿ ಮುಳುಗಿತು, ಮೇಲೆ ಧೂಳು ಅಂಟಿತು, ಜುಲೈ ಮಳೆಗೆ ಬೆರಳುಗಳ ಸಂದಿಯಲ್ಲಿ ಬೂಷ್ಟು ಹಿಡಿಯಿತು. ಗ್ಲೌಸಿಗೆಂದೇ ಮಾರುವ, ದನದ ಕಾಲಿನ ಮೂಳೆಯಿಂದ ತೆಗೆದ ಎಣ್ಣೆಯೂ ಹಳೆಯ ತೊಗಲನ್ನು ಕಪ್ಪಾಗಿಸುತ್ತದೆ. ಆಡುವ ಗ್ಲೌಸಿಗೆ ಎಣ್ಣೆ ಸರಿ, ಇಡುವ ಗ್ಲೌಸಿಗೆ ಬೇಡ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಆಮ್ಲವಿಲ್ಲದ ಟಿಶ್ಯೂ ಕಾಗದವನ್ನು ಒಳಗೆ ತುಂಬಿ ಆಕಾರ ನಿಲ್ಲಿಸಿ, ಬಿಸಿಲು ಬೀಳದ, ಗಾಳಿಯಾಡುವ ಕಪಾಟಿನಲ್ಲಿ ಇಟ್ಟರೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಮನೆ ಇರುವವರು ಹತ್ತು ಗ್ಲೌಸ್‌ಗಳ ಸಂಗ್ರಹವನ್ನು ಊರಲ್ಲಿ ಇಡುವ ಯೋಚನೆಯನ್ನು ಮಳೆಗಾಲ ನೆನೆದು ಕೈಬಿಡುವುದು ಮೇಲು.

ಯಾವ ಮ್ಯೂಸಿಯಂ

ಒಂದನ್ನೇ ನೋಡುವುದಾದರೆ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿರುವ ಹಾಲ್ ಆಫ್ ಫೇಮ್, ಅಂದರೆ ಆಟದ ಮಹನೀಯರನ್ನು ಆರಿಸಿ ಗೌರವಿಸುವ ಮ್ಯೂಸಿಯಂ, ಎಂದು ಎಲ್ಲರೂ ಹೇಳುತ್ತಾರೆ, ನಾನೂ ಅದನ್ನು ಅಲ್ಲಗಳೆಯುವುದಿಲ್ಲ. 1936ರಲ್ಲಿ ಟೈ ಕಾಬ್, ಬೇಬ್ ರೂತ್, ಹೋನಸ್ ವ್ಯಾಗ್ನರ್, ಕ್ರಿಸ್ಟಿ ಮ್ಯಾಥ್ಯೂಸನ್ ಮತ್ತು ವಾಲ್ಟರ್ ಜಾನ್ಸನ್ ಎಂಬ ಐವರನ್ನು ಮೊದಲು ಆರಿಸಿ, 1939ರ ಜೂನ್ 12ರಂದು ಅದರ ಬಾಗಿಲು ತೆರೆದರು. ಆ ಹಳ್ಳಿಯಲ್ಲೇ ಏಕೆ ಎಂದು ಕೇಳಿದರೆ ಉತ್ತರ ನಮ್ಮ ಸ್ಥಳಪುರಾಣಗಳನ್ನು ನೆನಪಿಸುತ್ತದೆ. 1839ರಲ್ಲಿ ಆಬ್ನರ್ ಡಬಲ್‌ಡೇ ಎಂಬವರು ಅಲ್ಲಿ ಈ ಆಟವನ್ನು ಕಂಡುಹಿಡಿದರೆಂದು ಸಮಿತಿಯೊಂದು 1907ರಲ್ಲಿ ತೀರ್ಪು ಕೊಟ್ಟಿತು. ಆ ವರ್ಷ ಅವರು ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದರು. ಕಥೆ ಬಿದ್ದುಹೋಯಿತು, ಕ್ಷೇತ್ರ ಉಳಿದುಕೊಂಡಿತು.

ಗ್ಲೌಸ್ ಪ್ರಿಯರಿಗೆ ಇಲ್ಲಿ ನೋಡಲು ಬೇಕಾದಷ್ಟಿದೆ. 1954ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ವರ್ಷದ ಕೊನೆಯ ಚಾಂಪಿಯನ್‌ಶಿಪ್ ಸರಣಿಯಲ್ಲಿ, ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನದ ಆಳದ ಕಡೆಗೆ ಬೆನ್ನು ತಿರುಗಿಸಿ ಓಡುತ್ತಲೇ ವಿಕ್ ವರ್ಟ್ಸ್ ಹೊಡೆದ ಚೆಂಡನ್ನು ಹಿಡಿದ ವಿಲ್ಲಿ ಮೇಸ್ ಅವರ ಗ್ಲೌಸ್ ಈ ಸಂಗ್ರಹದಲ್ಲಿದೆ. 1995ರ ಸೆಪ್ಟೆಂಬರ್ 28ರಂದು ಒಂದೇ ಇನಿಂಗ್ಸ್‌ನಲ್ಲಿ ಎರಡೂ ಕೈಯಿಂದ ಎಸೆದ ಗ್ರೆಗ್ ಹ್ಯಾರಿಸ್ ಅವರ ಆರು ಬೆರಳಿನ ಗ್ಲೌಸ್ ಕೂಡ ಇಲ್ಲಿಯದೇ: ಎರಡೂ ತುದಿಗೆ ಒಂದೊಂದು ಹೆಬ್ಬೆರಳು ಇರುವುದರಿಂದ ಯಾವ ಕೈಗಾದರೂ ಹೊಂದುತ್ತದೆ. ಆದರೆ ಮ್ಯೂಸಿಯಂ ತನ್ನ ಸಂಗ್ರಹದ ಒಂದು ಪಾಲನ್ನಷ್ಟೇ ಒಮ್ಮೆಗೆ ಹೊರಗಿಡುತ್ತದೆ, ಅದನ್ನೂ ಆಗಾಗ ಬದಲಿಸುತ್ತದೆ. ಒಂದು ನಿರ್ದಿಷ್ಟ ವಸ್ತುವಿಗಾಗಿಯೇ ಹೋಗುವವರು ಮೊದಲೇ ವಿಚಾರಿಸಿಕೊಳ್ಳಬೇಕು. ನ್ಯೂಯಾರ್ಕ್ ನಗರದಿಂದ ಕಾರಿನಲ್ಲಿ ನಾಲ್ಕು ಗಂಟೆಯ ದಾರಿ, ರೈಲು ಇಲ್ಲ. ಜುಲೈ ಕೊನೆಯಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ಸಮಾರಂಭದ ವಾರಾಂತ್ಯ ಕೋಣೆ ಸಿಗುವುದು ಕಷ್ಟ. ಅಕ್ಟೋಬರ್ ಮೊದಲ ವಾರ ಹೋದರೆ ಮರಗಳ ಬಣ್ಣವೂ ಸಿಗುತ್ತದೆ, ನೂಕುನುಗ್ಗಲೂ ಇರುವುದಿಲ್ಲ. ಕಂಚಿನ ಫಲಕಗಳ ಸಭಾಂಗಣ ಪ್ರಸಿದ್ಧವೇ ಆದರೂ, ಮುಖಗಳ ಪರಿಚಯವಿಲ್ಲದವರಿಗೆ ಅರ್ಧ ಗಂಟೆಯಲ್ಲಿ ಆಕಳಿಕೆ ಬರುತ್ತದೆ.

ಕಥೆಯೇ ಮುಖ್ಯ ಎನ್ನುವವರಿಗೆ ನಾನು ಕೂಪರ್ಸ್‌ಟೌನ್‌ಗಿಂತ ಮೊದಲು ಹೇಳುವುದು ಕ್ಯಾನ್ಸಸ್ ಸಿಟಿಯ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ. ಕಪ್ಪು ಆಟಗಾರರನ್ನು ದೊಡ್ಡ ಲೀಗುಗಳು ಹೊರಗಿಟ್ಟಿದ್ದ ಕಾಲದಲ್ಲಿ, 1920ರ ಫೆಬ್ರುವರಿ 13ರಂದು, ಇದೇ ನಗರದ ಪಾಸಿಯೋ ವೈಎಂಸಿಎಯಲ್ಲಿ ರೂಬ್ ಫಾಸ್ಟರ್ ತಮ್ಮದೇ ಲೀಗನ್ನು ಕಟ್ಟಿದರು. 1990ರಲ್ಲಿ ಆರಂಭವಾದ ಮ್ಯೂಸಿಯಂ ಆ ಕಟ್ಟಡದ ಸಮೀಪವೇ ಇದೆ. ಇಲ್ಲಿಯ ಜೋಡಣೆಯನ್ನು ಬೇರೆಲ್ಲೂ ನಾನು ಕಂಡಿಲ್ಲ. ಒಳಹೊಕ್ಕೊಡನೆ ತಂತಿ ಬಲೆಯ ಆಚೆ ಒಂದು ಪುಟ್ಟ ಮೈದಾನ, ಅದರಲ್ಲಿ ಆಳೆತ್ತರದ ಕಂಚಿನ ಆಟಗಾರರು ಕಾಣುತ್ತಾರೆ: ಎಸೆಯಲು ನಿಂತ ಸ್ಯಾಚೆಲ್ ಪೇಜ್, ಹಿಡಿಯಲು ಕುಳಿತ ಜಾಶ್ ಗಿಬ್ಸನ್. ಆದರೆ ಒಳಗೆ ಹೋಗಲು ಬಿಡುವುದಿಲ್ಲ. ಫೋಟೋ, ಪೋಸ್ಟರ್, ಬಸ್ಸಿನ ಪ್ರಯಾಣ, ತಂಗಲು ಕೋಣೆ ಕೊಡದ ಹೋಟೆಲ್‌ಗಳ ಕಥೆ ಎಲ್ಲವನ್ನೂ ಸುತ್ತಿ ಬಂದ ಮೇಲೆಯೇ ಕೊನೆಯಲ್ಲಿ ಆ ಮೈದಾನಕ್ಕೆ ಕಾಲಿಡಬಹುದು. ಆ ತಡೆಯನ್ನು ಮುರಿದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ದೊಡ್ಡ ಲೀಗಿನಲ್ಲಿ ಮೊದಲ ಪಂದ್ಯ ಆಡಿದ್ದು 1947ರ ಏಪ್ರಿಲ್ 15ರಂದು. ಗಿಬ್ಸನ್ ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದರು. 2024ರಲ್ಲಿ ಆ ಲೀಗುಗಳ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಿದಾಗ, ಟೈ ಕಾಬ್ ಅವರನ್ನು ಹಿಂದಿಕ್ಕಿ ವೃತ್ತಿಜೀವನದ .372 ಬ್ಯಾಟಿಂಗ್ ಸರಾಸರಿಯೊಂದಿಗೆ ಮೊದಲ ಸ್ಥಾನಕ್ಕೆ ಬಂದವರು ಗಿಬ್ಸನ್. ಆ ಕಂಚಿನ ಕ್ಯಾಚರ್‌ನ ಮಿಟ್ ಪಕ್ಕದಲ್ಲಿ ನಿಂತು ಇದನ್ನು ನೆನೆಯುವುದು ಯಾವ ಗ್ಲೌಸ್ ಕೊಂಡರೂ ಸಿಗದ ಅನುಭವ. ಈ ಲೀಗುಗಳ ಅಸಲಿ ವಸ್ತುಗಳು ಮಾರುಕಟ್ಟೆಯಲ್ಲಿ ಬಹಳ ವಿರಳ; ಸುಲಭವಾಗಿ ಸಿಕ್ಕರೆ ಅನುಮಾನಿಸಿ.

ತಯಾರಿಕೆ ನೋಡಬೇಕೆನ್ನುವವರಿಗೆ, ಮಕ್ಕಳನ್ನು ಕರೆದೊಯ್ಯುವವರಿಗೆ ಕೆಂಟಕಿಯ ಲೂಯಿವಿಲ್ ಸ್ಲಗರ್ ಮ್ಯೂಸಿಯಂ ಸರಿಯಾದ ಜಾಗ. ಹೊರಗೆ 120 ಅಡಿಯ ಉಕ್ಕಿನ ಬ್ಯಾಟ್ ಕಟ್ಟಡಕ್ಕೆ ಒರಗಿ ನಿಂತಿದೆ, ಒಳಗೆ ಮರದ ತುಂಡು ಬ್ಯಾಟಾಗುವುದನ್ನು ಕಾರ್ಖಾನೆಯಲ್ಲೇ ನೋಡಬಹುದು, ಹೊರಡುವಾಗ ಕೈಗೊಂದು ಪುಟಾಣಿ ಬ್ಯಾಟ್ ಕೊಡುತ್ತಾರೆ. ಹೆಸರಾಂತ ಆಟಗಾರರು ಬಳಸಿದ ಬ್ಯಾಟನ್ನು ಹಿಡಿದು ನೋಡುವ ಅವಕಾಶವೂ ಇದೆ. ಮುಟ್ಟಬಾರದು ಎನ್ನದ ಮ್ಯೂಸಿಯಂ ಎಂಬ ಕಾರಣಕ್ಕೇ ಇದು ನನಗೆ ಪ್ರಿಯ. ಸುಣ್ಣಕಲ್ಲಿನಲ್ಲಿ ಕಡೆದ ಭಾರಿ ಗ್ಲೌಸೊಂದು ಬಿಟ್ಟರೆ ಗ್ಲೌಸ್‌ನ ವಿಷಯದಲ್ಲಿ ಮಾತ್ರ ಇಲ್ಲಿ ಹೆಚ್ಚು ಸಿಗದು.

ನ್ಯೂಜೆರ್ಸಿಯ ಕನ್ನಡಿಗರು ದೂರ ಹೋಗಬೇಕಾಗಿಯೇ ಇಲ್ಲ. ಲಿಟ್ಲ್ ಫಾಲ್ಸ್‌ನಲ್ಲಿ, ಮಾಂಟ್‌ಕ್ಲೇರ್ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ, ನ್ಯೂಯಾರ್ಕ್ ಯಾಂಕೀಸ್ ತಂಡದ ಹೆಸರಾಂತ ಕ್ಯಾಚರ್ ಯೋಗಿ ಬೆರಾ ಅವರ ಹೆಸರಿನಲ್ಲಿ 1998ರಲ್ಲಿ ತೆರೆದ ಮ್ಯೂಸಿಯಂ ಇದೆ. 1956ರ ಅಕ್ಟೋಬರ್ 8ರಂದು ಡಾನ್ ಲಾರ್ಸನ್ ಎದುರಾಳಿಗಳಲ್ಲಿ ಒಬ್ಬರನ್ನೂ ಬೇಸ್ ಮುಟ್ಟಗೊಡದೆ ವರ್ಲ್ಡ್ ಸೀರೀಸ್ ಪಂದ್ಯ ಗೆದ್ದಾಗ ಆ ಎಸೆತಗಳನ್ನೆಲ್ಲ ಹಿಡಿದ ಯೋಗಿಯವರ ಮಿಟ್ ಇಲ್ಲಿಯದು. ಒಂದು ಮಧ್ಯಾಹ್ನಕ್ಕೆ ಸಾಕಾಗುವಷ್ಟು ಚಿಕ್ಕದು, ಅದೇ ಅದರ ಗುಣ. ಬಾಲ್ಟಿಮೋರ್‌ನ ಎಮರಿ ಬೀದಿಯ 216ನೇ ಮನೆ, ಬೇಬ್ ರೂತ್ ಹುಟ್ಟಿದ ಜಾಗ, ಇನ್ನೂ ಚಿಕ್ಕದು. ಹತ್ತಿರದ ಕ್ಯಾಮ್ಡೆನ್ ಯಾರ್ಡ್ಸ್ ಕ್ರೀಡಾಂಗಣದಲ್ಲಿ ಪಂದ್ಯ ನೋಡಲು ಹೋದಾಗ ಪಾದಚಾರಿ ದಾರಿಯಲ್ಲಿ ಬಣ್ಣದಿಂದ ಬರೆದ ಚೆಂಡುಗಳ ಜಾಡು ಹಿಡಿದು ಹೋಗಿಬರಬಹುದು, ಅದಕ್ಕೆಂದೇ ಪ್ರಯಾಣ ಬೇಡ.

ಕರ್ನಾಟಕದಲ್ಲೇ ಇದ್ದು ಈ ಆಸಕ್ತಿ ಬೆಳೆಸಿಕೊಂಡವರಿಗೆ

ಇವರಿಗೆ ಲೆಕ್ಕ ಬೇರೆಯಾಗುತ್ತದೆ. ಐವತ್ತು ಡಾಲರಿನ ಗ್ಲೌಸಿಗೆ ಅಂಚೆಯ ವೆಚ್ಚ ಮತ್ತು ಸುಂಕ ಸೇರಿದರೆ ಹೆಚ್ಚುಕಡಿಮೆ ಅಷ್ಟೇ ಮತ್ತೆ ಬೀಳಬಹುದು, ಬಂದ ಮೇಲೆ ಮಳೆಗಾಲದ ಕಾವಲು. ಅಮೆರಿಕದಲ್ಲಿರುವ ಅಣ್ಣನೋ ಗೆಳತಿಯೋ ರಜೆಗೆ ಬರುವಾಗ ಬ್ಯಾಗಿನಲ್ಲಿ ತರುವುದೇ ಸೂಕ್ತ. ಉಪ್ಪಿನಕಾಯಿ ಅಲ್ಲಿಗೆ, ಗ್ಲೌಸ್ ಇಲ್ಲಿಗೆ. ಅವರಿಗೆ ಕಷ್ಟ ಕೊಡಬಾರದೆಂದರೆ ಒಂದೇ ಗ್ಲೌಸ್ ಸಾಕು, ಯುದ್ಧಾನಂತರದ ಸಾಧಾರಣ ಮಾದರಿ.

ಮ್ಯೂಸಿಯಂ ಎಂದರೆ ಇವರಿಗೆ ಕೂಪರ್ಸ್‌ಟೌನ್‌ಗಿಂತ ಟೋಕಿಯೊ ಹತ್ತಿರ. ಬೆಂಗಳೂರಿನಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನವಿದೆ. ಟೋಕಿಯೊ ಡೋಮ್ ಕ್ರೀಡಾಂಗಣದೊಳಗಿರುವ ಬೇಸ್‌ಬಾಲ್ ಹಾಲ್ ಆಫ್ ಫೇಮ್ 1959ರಲ್ಲಿ ಕೊರಾಕುಯೆನ್ ಕ್ರೀಡಾಂಗಣದ ಬಳಿ ಆರಂಭವಾಗಿ 1988ರಲ್ಲಿ ಅಲ್ಲಿಗೆ ಬಂತು. 868 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರಿನಂತೆ ಚೆಂಡನ್ನು ಮೈದಾನದಾಚೆ ಅಟ್ಟುವ ಹೊಡೆತ) ಹೊಡೆದ ಸದಹಾರು ಓ ಅವರ ಜೊತೆಗೆ ಅಲ್ಲಿಯ ಗೋಡೆಯ ಮೇಲೆ, 1872ರಲ್ಲಿ ಜಪಾನಿನ ವಿದ್ಯಾರ್ಥಿಗಳಿಗೆ ಈ ಆಟ ಕಲಿಸಿದ ಅಮೆರಿಕದ ಅಧ್ಯಾಪಕ ಹೊರೇಸ್ ವಿಲ್ಸನ್ ಅವರ ಫಲಕವೂ ಇದೆ, ಹಾಯ್ಕು ಕವಿ ಮಸಾವೊಕ ಶಿಕಿಯವರ ಫಲಕವೂ ಇದೆ. ಬೇಸ್‌ಬಾಲ್ ಬಗ್ಗೆ ಕವಿತೆ ಬರೆದು, ಆಟದ ಪದಗಳನ್ನು ಜಪಾನೀ ಭಾಷೆಗೆ ತಂದ ಆ ಕವಿಯನ್ನು 2002ರಲ್ಲಿ ಸೇರಿಸಿಕೊಂಡರು. ಪದಕಟ್ಟುವ ಜಗಳ ಪರಿಚಯವಿರುವ ಕನ್ನಡದ ಓದುಗರು ಆ ಫಲಕದ ಮುಂದೆ ಬೇರೆಯವರಿಗಿಂತ ಎರಡು ನಿಮಿಷ ಹೆಚ್ಚು ನಿಲ್ಲುತ್ತಾರೆ ಎಂದುಕೊಂಡಿದ್ದೇನೆ. ಎರಡು ಗಂಟೆಯಲ್ಲಿ ಮುಗಿಯುವ ಮ್ಯೂಸಿಯಂ ಅದು. ಅದೇ ಸಂಜೆ ಮೇಲಿನ ಮೈದಾನದಲ್ಲಿ ಪಂದ್ಯವಿರುವ ದಿನ ನೋಡಿಕೊಂಡು ಟಿಕೆಟ್ ಮಾಡಿಸಿದರೆ ಒಂದೇ ಪ್ರಯಾಣದಲ್ಲಿ ಎರಡೂ ಆಗುತ್ತದೆ.